ಹಿಮ್ಮಡಿ ಮೊದಲು ನೆಲಕ್ಕೆ ತಾಗಿದರೆ ತಪ್ಪೇ?

ಪ್ರಶ್ನೆ: ನನಗೆ 41 ವರ್ಷ. ಮೂರು ವರ್ಷದಿಂದ ಓಡುತ್ತಿದ್ದೇನೆ. ವಾರಕ್ಕೆ ನಾಲ್ಕು ದಿನ, ಒಟ್ಟು 30 ಕಿಲೋಮೀಟರ್ ಆಗುತ್ತದೆ. ಒಂದು ಕಿಲೋಮೀಟರಿಗೆ ಸುಮಾರು ಏಳು ನಿಮಿಷ ಬೇಕು. ಎರಡು ಹಾಫ್ ಮ್ಯಾರಥಾನ್ ಮುಗಿಸಿದ್ದೇನೆ, ದೊಡ್ಡ ನೋವೇನೂ ಬಂದಿರಲಿಲ್ಲ. ಒಂದೂವರೆ ತಿಂಗಳ ಹಿಂದೆ ಜೊತೆಯಲ್ಲಿ ಓಡುವ ಗೆಳತಿ, ‘ನೀನು ಹಿಮ್ಮಡಿ ಮೇಲೆ ಬೀಳ್ತಿದ್ದೀಯ, ಮಂಡಿ ಹಾಳಾಗುತ್ತೆ’ ಅಂದಳು. ಆಮೇಲೆ ನೋಡಿದ ವಿಡಿಯೊಗಳೂ ಅದನ್ನೇ ಹೇಳಿದವು. ಅಂದಿನಿಂದ ಪಾದದ ಮುಂಭಾಗದ ಮೇಲೆ, ಹಿಮ್ಮಡಿ ತಾಗಿಸದೆ ಓಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಈಗ ಮೀನಖಂಡ ಸದಾ ಹಿಡಿದುಕೊಂಡಿರುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಬಲಗಾಲಿನ ಹಿಮ್ಮಡಿಯ ಮೇಲ್ಗಡೆ ನೋವು, ಸ್ವಲ್ಪ ನಡೆದರೆ ಕಡಿಮೆಯಾಗುತ್ತದೆ. ಹೀಗೇ ಮುಂದುವರಿಸಿದರೆ ಸರಿಹೋಗುತ್ತದೆಯೇ? ವಾಚಿನಲ್ಲಿ ಕೇಡೆನ್ಸ್, ಅಂದರೆ ನಿಮಿಷಕ್ಕೆ ಹಾಕುವ ಹೆಜ್ಜೆಗಳ ಸಂಖ್ಯೆ, 158 ತೋರಿಸುತ್ತದೆ, ಅದು 180 ಇರಲೇಬೇಕಂತೆ, ನಿಜವೇ? ಶೂ ಬದಲಾಯಿಸಬೇಕೇ?

ಉತ್ತರ: ಮೊದಲು ತುರ್ತಿನ ವಿಷಯ ಹೇಳಿಬಿಡುತ್ತೇನೆ. ಮುಂಪಾದದ ಓಟವನ್ನು ಇವತ್ತೇ ನಿಲ್ಲಿಸಿ. ನಿಮ್ಮ ಹಳೆಯ ಓಟಕ್ಕೆ ವಾಪಸ್ ಹೋಗಿ. ಮುಂದುವರಿಸಿದರೆ ತಾನಾಗಿ ಸರಿಹೋಗುವ ನೋವಲ್ಲ ಇದು. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ದಪ್ಪ ಹುರಿಯೇ ಅಕಿಲಿಸ್ ಟೆಂಡನ್. ಬೆಳಿಗ್ಗೆ ಎದ್ದ ತಕ್ಷಣ ಅಲ್ಲಿ ಬಿಗಿತ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲ. ನೀವು ಹೇಳುತ್ತಿರುವುದು ಅಕಿಲಿಸ್ ಮೇಲೆ ಭಾರ ಜಾಸ್ತಿಯಾದಾಗ ಕಾಣುವ ಮೊದಲ ಲಕ್ಷಣ. ಈ ಹಂತದಲ್ಲಿ ಭಾರ ಇಳಿಸಿದರೆ ಸಾಮಾನ್ಯವಾಗಿ ಬೇಗ ಸುಧಾರಿಸುತ್ತದೆ. ಹಟ ಹಿಡಿದು ಓಡಿದರೆ ತಿಂಗಳುಗಟ್ಟಲೆ ಕಾಡುತ್ತದೆ.

ಮೂರು ವರ್ಷ ನೋವಿಲ್ಲದೆ ಓಡಿದವರು, ಯಾರೋ ಹೇಳಿದರೆಂದು ಪಾದ ಇಡುವ ರೀತಿ ಬದಲಾಯಿಸಿ ನೋವು ತಂದುಕೊಳ್ಳುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಿಮ್ಮ ಗೆಳತಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಅವರು ನೋಡಿದ್ದು ಪಾದದ ಯಾವ ಭಾಗ ಮೊದಲು ತಾಗುತ್ತದೆ ಎಂಬುದನ್ನು. ನೋಡಬೇಕಾಗಿದ್ದು ಪಾದ ದೇಹದಿಂದ ಎಷ್ಟು ಮುಂದೆ ಬೀಳುತ್ತದೆ ಎಂಬುದನ್ನು. ಎರಡೂ ಒಂದೇ ಅಲ್ಲ. ಮಂಡಿಯ ಮಟ್ಟಿಗೆ ಎರಡನೆಯದೇ ಮುಖ್ಯ. ಅದನ್ನು ಆಮೇಲೆ ವಿವರವಾಗಿ ಹೇಳುತ್ತೇನೆ. ಈ ‘ಹಿಮ್ಮಡಿ ತಪ್ಪು’ ಅನ್ನುವ ಮಾತು ಎಲ್ಲಿಂದ ಬಂತು ಅಂತ ಮೊದಲು ನೋಡೋಣ.

ಓಡುವಾಗ ಪ್ರತಿ ಪಾದ ನೆಲದ ಮೇಲೆ ಇರುವುದು ಸುಮಾರು ಕಾಲು ಸೆಕೆಂಡು ಮಾತ್ರ. ಅಷ್ಟರಲ್ಲಿ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಅದರ ಮೂಲಕ ಹಾದುಹೋಗುತ್ತದೆ. ಬಲ ಅಳೆಯುವ ಹಲಗೆಯ ಮೇಲೆ ಹಿಮ್ಮಡಿ ಊರಿ ಓಡಿದರೆ ಗ್ರಾಫಿನ ಗೆರೆ ಎರಡು ಸಲ ಏರುತ್ತದೆ. ಮೊದಲನೆಯ ಏರು ಸಣ್ಣದು, ಚೂಪಾದದ್ದು. ಹಿಮ್ಮಡಿ ತಾಗಿದ ಮೊದಲ 50 ಮಿಲಿಸೆಕೆಂಡಿನೊಳಗೆ ಬಂದು ಹೋಗುತ್ತದೆ. ಎರಡನೆಯದು ದೊಡ್ಡದು, ನಿಧಾನವಾಗಿ ಏರಿ ಇಳಿಯುತ್ತದೆ. ಮುಂಪಾದದ ಮೇಲೆ ಇಳಿದರೆ ಆ ಚೂಪಾದ ಮೊದಲ ಏರು ಸಾಮಾನ್ಯವಾಗಿ ಕಾಣುವುದೇ ಇಲ್ಲ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಜೊತೆಗಾರರು ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಚಿಕ್ಕಂದಿನಿಂದ ಬರಿಗಾಲಲ್ಲೇ ಓಡಿದ ಕೀನ್ಯಾದ ಓಟಗಾರರು ಹೆಚ್ಚಾಗಿ ಮುಂಪಾದದ ಮೇಲೆ ಇಳಿಯುತ್ತಾರೆ, ಅವರಿಗೆ ಆ ಮೊದಲ ಹೊಡೆತ ಬೀಳುವುದಿಲ್ಲ ಎಂದು ತೋರಿಸಿದರು.

ಒಳ್ಳೆಯ ಅಧ್ಯಯನವೇ. ಆದರೆ ಅದರಲ್ಲಿ ಯಾರಿಗೆ ಎಷ್ಟು ಗಾಯವಾಗುತ್ತದೆ ಎಂದು ಅಳೆದಿರಲಿಲ್ಲ. ಓದಿದವರು ಆ ಹೆಜ್ಜೆಯನ್ನು ತಾವೇ ಮುಂದಿಟ್ಟರು. ಹೊಡೆತ ಇಲ್ಲ ಅಂದಮೇಲೆ ಗಾಯವೂ ಇಲ್ಲ, ಹಾಗಾದರೆ ಹಿಮ್ಮಡಿ ಊರುವುದು ತಪ್ಪು, ಶೂ ಹಾಕುವುದೇ ತಪ್ಪು ಎಂಬಲ್ಲಿಗೆ ಮಾತು ಬೆಳೆಯಿತು. ಬೆರಳು ಬೆರಳಿಗೂ ಬೇರೆ ಗೂಡಿರುವ ತೆಳ್ಳನೆಯ ಶೂಗಳು ಬಿಸಿಬಿಸಿಯಾಗಿ ಮಾರಾಟವಾದವು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದದ್ದನ್ನು ಎಲ್ಲರೂ ಉದಾಹರಿಸಿದರು. ಅವರ ಸಮಯ 2 ಗಂಟೆ 15 ನಿಮಿಷ 16 ಸೆಕೆಂಡು. ಅದೇ ಬಿಕಿಲಾ 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿಕೊಂಡು ಮೂರು ನಿಮಿಷ ಬೇಗ ಓಡಿ ಮತ್ತೆ ಗೆದ್ದರು ಅನ್ನುವುದನ್ನು ಮಾತ್ರ ಯಾರೂ ಅಷ್ಟಾಗಿ ಹೇಳಲಿಲ್ಲ.

2013ರಲ್ಲಿ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಉತ್ತರ ಕೀನ್ಯಾದಲ್ಲಿ ದಾಸನಾಚ್ ಎಂಬ ಸಮುದಾಯವಿದೆ. ಇವರೂ ಬರಿಗಾಲಿನವರೇ. ಅವರಲ್ಲಿ 38 ಜನರನ್ನು ತಮಗೆ ಹಿತವಾದ ವೇಗದಲ್ಲಿ ಓಡಲು ಬಿಟ್ಟಾಗ ಹೆಚ್ಚಿನವರು ಹಿಮ್ಮಡಿಯನ್ನೇ ಮೊದಲು ಊರಿದರು. ವೇಗ ಹೆಚ್ಚಿಸಿದಂತೆ ಪಾದದ ನಡುಭಾಗದ ಮೇಲೆ ಇಳಿಯುವುದು ಜಾಸ್ತಿಯಾಯಿತು. ಅಂದರೆ ಬರಿಗಾಲು ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ವೇಗ, ನೆಲ, ರೂಢಿ, ಸುಸ್ತು ಎಲ್ಲವೂ ಸೇರಿ ತೀರ್ಮಾನಿಸುತ್ತವೆ. ನೀವೇ ಗಮನಿಸಿ. 100 ಮೀಟರ್ ಜೋರಾಗಿ ಓಡಿದರೆ ಹಿಮ್ಮಡಿ ತಾನಾಗಿ ಮೇಲೇಳುತ್ತದೆ. ದಿಣ್ಣೆ ಹತ್ತುವಾಗಲೂ ಅಷ್ಟೇ. ಇಳಿಜಾರಿನಲ್ಲಿ, ಕೊನೆಯ ಕಿಲೋಮೀಟರುಗಳ ಸುಸ್ತಿನಲ್ಲಿ ಮತ್ತೆ ಹಿಮ್ಮಡಿ ಬರುತ್ತದೆ. ಒಬ್ಬರೇ ಓಟಗಾರರು ಒಂದೇ ದಿನದಲ್ಲಿ ಎರಡೂ ರೀತಿ ಓಡಿರುತ್ತಾರೆ.

ಪಂದ್ಯಗಳಲ್ಲಿ ಏನಾಗುತ್ತದೆ? 2004ರಲ್ಲಿ ಜಪಾನಿನ ಸಪ್ಪೊರೊ ಹಾಫ್ ಮ್ಯಾರಥಾನ್‌ನ 15ನೇ ಕಿಲೋಮೀಟರಿನಲ್ಲಿ ಕ್ಯಾಮೆರಾ ಇಟ್ಟು 283 ಓಟಗಾರರ ಪಾದ ನೋಡಿದರು. ಸುಮಾರು 75% ಜನ ಹಿಮ್ಮಡಿ ಊರುವವರು. ನಡುಪಾದದವರು 24%. ಮುಂಪಾದದವರು ನೂರಕ್ಕೆ ಇಬ್ಬರೂ ಇಲ್ಲ. ಇವರೆಲ್ಲ ಒಳ್ಳೆಯ ವೇಗದ ಓಟಗಾರರು. 2017ರಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಮ್ಯಾರಥಾನ್‌ನಲ್ಲೂ ಗಂಡಸರು, ಹೆಂಗಸರು ಎರಡೂ ಕಡೆ ಅರ್ಧಕ್ಕಿಂತ ಜಾಸ್ತಿ ಜನ ಹಿಮ್ಮಡಿ ಊರಿಯೇ ಓಡಿದರು. ಪ್ರಪಂಚದ ಅತಿ ವೇಗದ ಮ್ಯಾರಥಾನ್ ಓಟಗಾರರ ಪಾಡೇ ಇದು. ನಿಮ್ಮ ನನ್ನಂಥವರು ಹಿಮ್ಮಡಿ ಊರಿದರೆ ಅದರಲ್ಲಿ ತಪ್ಪು ಹುಡುಕುವುದು ಸರಿಯಲ್ಲ, ಅಲ್ವಾ?

ಹಾಗಾದರೆ ಮುಂಪಾದದ ಓಟಕ್ಕೆ ಯಾವ ಗುಣವೂ ಇಲ್ಲವೇ? ಇದೆ. ಮಂಡಿಗೆ, ಅದರಲ್ಲೂ ಮಂಡಿಚಿಪ್ಪಿನ ಹಿಂದಿನ ಕೀಲಿಗೆ ಬೀಳುವ ಒತ್ತಡ ಕಡಿಮೆಯಾಗುತ್ತದೆ. ಮಂಡಿಚಿಪ್ಪಿನ ಸುತ್ತ ಹಳೆಯ ನೋವಿರುವ ಕೆಲವರಿಗೆ ಇದರಿಂದ ನಿಜವಾಗಿಯೂ ಉಪಯೋಗವಾಗಿದೆ. ಆದರೆ ಕಡಿಮೆಯಾದ ಒತ್ತಡ ಮಾಯವಾಗುವುದಿಲ್ಲ. ಮೀನಖಂಡಕ್ಕೆ, ಅಕಿಲಿಸ್‌ಗೆ, ಪಾದದ ಉದ್ದನೆಯ ಸಣ್ಣ ಮೂಳೆಗಳಿಗೆ ಹೋಗುತ್ತದೆ. ಮೂಟೆಯನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಯಿಸಿದ ಹಾಗೆ. ಮೂಟೆ ಅಷ್ಟೇ ಭಾರ ಇರುತ್ತದೆ. ಸಾಮಾನ್ಯ ಓಟದಲ್ಲೇ ಅಕಿಲಿಸ್ ಮೇಲೆ ದೇಹದ ತೂಕದ ಆರೇಳು ಪಟ್ಟು ಎಳೆತ ಬೀಳುತ್ತದೆ. ಮುಂಪಾದದಲ್ಲಿ ಅದು ಇನ್ನೂ ಏರುತ್ತದೆ. ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳಿ. ಏಳು ನಿಮಿಷಕ್ಕೆ ಒಂದು ಕಿಲೋಮೀಟರ್, ನಿಮಿಷಕ್ಕೆ 158 ಹೆಜ್ಜೆ. ಒಂದು ಕಿಲೋಮೀಟರಿಗೆ 1,106 ಹೆಜ್ಜೆ, ಒಂದೊಂದು ಕಾಲಿಗೆ 553. ವಾರಕ್ಕೆ 30 ಕಿಲೋಮೀಟರ್ ಅಂದರೆ ಪ್ರತಿ ಅಕಿಲಿಸ್‌ಗೆ 16 ಸಾವಿರಕ್ಕೂ ಜಾಸ್ತಿ ಎಳೆತ. ಅಷ್ಟೂ ಎಳೆತವನ್ನು ನೀವು ಒಂದೇ ದಿನದಲ್ಲಿ ಏರಿಸಿಬಿಟ್ಟಿರಿ.

ಸ್ನಾಯು ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಟೆಂಡನ್ ಮತ್ತು ಮೂಳೆ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ, ಅವಕ್ಕೆ ತಿಂಗಳುಗಳು ಬೇಕು. ಇದನ್ನು ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2013ರಲ್ಲಿ ಚೆನ್ನಾಗಿ ತೋರಿಸಿದರು. ಅನುಭವಿ ಓಟಗಾರರಲ್ಲಿ ಒಂದು ಗುಂಪಿಗೆ ಆ ತೆಳ್ಳನೆಯ ಬೆರಳು ಶೂ ಕೊಟ್ಟು 10 ವಾರದಲ್ಲಿ ನಿಧಾನವಾಗಿ ರೂಢಿ ಮಾಡಿಸಿದರು. ಆಮೇಲೆ ಎಂಆರ್‌ಐ ತೆಗೆದರೆ, ಆ ಗುಂಪಿನ 19 ಜನರಲ್ಲಿ 10 ಜನರ ಪಾದದ ಮೂಳೆಗಳೊಳಗೆ ಊತ ಹೆಚ್ಚಾಗಿತ್ತು. 10 ವಾರ ಎಚ್ಚರದಿಂದ ಮಾಡಿದವರಿಗೇ ಹೀಗೆ. ನೀವು ಆರು ವಾರದಲ್ಲಿ, ದೂರ ಒಂದಿಷ್ಟೂ ಇಳಿಸದೆ ಮಾಡಿದ್ದೀರಿ.

ಇನ್ನೊಂದು ಮುಖ್ಯ ವಿಷಯ ನಿಮ್ಮ ಪತ್ರದಲ್ಲೇ ಇದೆ: ‘ಹಿಮ್ಮಡಿ ತಾಗಿಸದೆ’. ಸಹಜವಾಗಿ ಮುಂಪಾದದಲ್ಲಿ ಇಳಿಯುವವರ ಹಿಮ್ಮಡಿಯೂ ದೂರದ ಓಟದಲ್ಲಿ ನೆಲಕ್ಕೆ ಬರುತ್ತದೆ. ಕಿರುಬೆರಳಿನ ಕಡೆಯ ಅಂಚು ಮೊದಲು ತಾಗುತ್ತದೆ, ಪಾದ ಒಳಕ್ಕೆ ಸ್ವಲ್ಪ ಹೊರಳುತ್ತದೆ, ಹಿಮ್ಮಡಿ ಮೆತ್ತಗೆ ಇಳಿದು ನೆಲ ಮುಟ್ಟಿ ಮತ್ತೆ ಏಳುತ್ತದೆ. ಈ ಇಳಿಯುವಿಕೆಯಲ್ಲೇ ಮೀನಖಂಡ ಮತ್ತು ಅಕಿಲಿಸ್ ಹಿಗ್ಗಿ ಶಕ್ತಿ ಕೂಡಿಟ್ಟುಕೊಂಡು ಮುಂದಿನ ಹೆಜ್ಜೆಗೆ ವಾಪಸ್ ಕೊಡುವುದು. ಹಿಮ್ಮಡಿಯನ್ನು ಮೇಲೆಯೇ ಹಿಡಿದಿಟ್ಟರೆ ಮೀನಖಂಡ ಒಂದು ಕ್ಷಣವೂ ಸಡಿಲವಾಗುವುದಿಲ್ಲ. ಅದು ಮುಂಪಾದದ ಓಟವಲ್ಲ, ತುದಿಗಾಲ ಓಟ. ದೂರದ ಓಟಗಾರರು ಸಾಮಾನ್ಯವಾಗಿ ಹಾಗೆ ಓಡುವುದಿಲ್ಲ. ನಿಮ್ಮ ಮೀನಖಂಡ ಸದಾ ಹಿಡಿದುಕೊಂಡಿರುವುದಕ್ಕೆ ಇದೇ ದೊಡ್ಡ ಕಾರಣ ಎಂದು ನನಗನಿಸುತ್ತದೆ.

ಈಗ ನಿಜವಾಗಿ ನೋಡಬೇಕಾದ ವಿಷಯಕ್ಕೆ ಬರುತ್ತೇನೆ.

ನೋವು ಕಡಿಮೆಯಾದ ಮೇಲೆ ಒಂದು ದಿನ ಯಾರಾದರೂ ನಿಮ್ಮನ್ನು ಪಕ್ಕದಿಂದ ವಿಡಿಯೊ ಮಾಡಲಿ. ಫೋನನ್ನು ಸೊಂಟಕ್ಕಿಂತ ಕೆಳಗೆ, ಅಲುಗಾಡದ ಹಾಗೆ ಇಡಬೇಕು. ಸ್ಲೋ ಮೋಷನ್ ಇಟ್ಟರೆ ಹಲವು ಫೋನುಗಳು ಸೆಕೆಂಡಿಗೆ 120 ಅಥವಾ 240 ಚಿತ್ರ ತೆಗೆಯುತ್ತವೆ. ಹತ್ತು ನಿಮಿಷ ಓಡಿ ಮೈ ಬಿಸಿಯಾದ ಮೇಲೆ, ದಿನದ ಮಾಮೂಲಿ ವೇಗದಲ್ಲಿ, ಕ್ಯಾಮೆರಾ ಮರೆತು ಓಡಿ. ಆಮೇಲೆ ಒಂದೊಂದೇ ಚಿತ್ರ ಸರಿಸುತ್ತಾ ಶೂ ನೆಲಕ್ಕೆ ತಾಗಿದ ಮೊದಲ ಚಿತ್ರದಲ್ಲಿ ನಿಲ್ಲಿಸಿ.

ಅಲ್ಲಿ ಹಿಮ್ಮಡಿಯನ್ನು ನೋಡಬೇಡಿ. ಮಂಡಿಯಿಂದ ಪಾದದ ಗಂಟಿನವರೆಗೆ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆ ನೆಟ್ಟಗಿದೆಯೇ, ಅಂದರೆ ಪಾದದ ಗಂಟು ಹೆಚ್ಚು ಕಡಿಮೆ ಮಂಡಿಯ ನೇರ ಕೆಳಗೇ ಇದೆಯೇ? ಹಾಗಿದ್ದರೆ ಸುಮ್ನೆ ಇದ್ದುಬಿಡಿ. ಹಿಮ್ಮಡಿ ಮೊದಲು ತಾಗಿದರೂ ಚಿಂತೆಯಿಲ್ಲ. ಗೆರೆ ಮುಂದಕ್ಕೆ ಚಾಚಿಕೊಂಡಿದೆಯೇ, ಪಾದ ಮಂಡಿಗಿಂತ ಸಾಕಷ್ಟು ಮುಂದಿದೆಯೇ, ಮಂಡಿ ನೆಟ್ಟಗೆ ಸೆಟೆದಿದೆಯೇ, ಶೂವಿನ ತಳವೆಲ್ಲ ಮುಂದಿನವರಿಗೆ ಕಾಣುವ ಹಾಗೆ ಬೆರಳುಗಳು ಮೇಲೆದ್ದಿವೆಯೇ? ಆಗ ನಿಮ್ಮದು ಓವರ್‌ಸ್ಟ್ರೈಡಿಂಗ್, ಅಂದರೆ ಹೆಜ್ಜೆಯನ್ನು ಬೇಕಾದ್ದಕ್ಕಿಂತ ಮುಂದೆ ಹಾಕುವುದು.

ಇದರಿಂದ ಏನು ತೊಂದರೆ? ದೇಹ ಮುಂದಕ್ಕೆ ಹೋಗುತ್ತಿದೆ, ಪಾದ ಅದಕ್ಕೂ ಮುಂದೆ ಊರಿದೆ. ನೆಲ ಆ ಕ್ಷಣ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಬ್ರೇಕ್ ಬಿದ್ದೇ ಬೀಳುತ್ತದೆ, ಅದು ಸಹಜ. ಪಾದ ಎಷ್ಟು ಮುಂದೋ ಬ್ರೇಕ್ ಅಷ್ಟು ಜಾಸ್ತಿ. ಕಳೆದುಕೊಂಡ ವೇಗವನ್ನು ತೊಡೆ ಮತ್ತು ಮೀನಖಂಡ ಮತ್ತೆ ಗಳಿಸಿಕೊಡಬೇಕು. ಸೆಟೆದ ಮಂಡಿ ಹೊಡೆತವನ್ನು ಮೆತ್ತಗೆ ತೆಗೆದುಕೊಳ್ಳಲಾರದು. ಮಂಡಿ 15–20 ಡಿಗ್ರಿ ಬಾಗಿದ್ದಾಗ ತೊಡೆಯ ಮುಂಭಾಗದ ಸ್ನಾಯು ಹೊಡೆತವನ್ನು ಹೀರಿಕೊಳ್ಳುವಷ್ಟು ಚೆನ್ನಾಗಿ ನೆಟ್ಟಗಿರುವ ಮಂಡಿಯಲ್ಲಿ ಹೀರಿಕೊಳ್ಳುವುದಿಲ್ಲ. ಮಂಡಿಯ ನೋವಿನೊಂದಿಗೆ ನನ್ನ ಹತ್ತಿರ ಬರುವ ಎಷ್ಟೋ ಓಟಗಾರರಲ್ಲಿ ನಾನು ಕಾಣುವುದು ಇದನ್ನೇ. ಮುಂಪಾದದಲ್ಲಿ ಇಳಿಯುವವರೂ ಓವರ್‌ಸ್ಟ್ರೈಡ್ ಮಾಡುತ್ತಾರೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಕಾಲನ್ನು ಅಷ್ಟೇ ಮುಂದೆ ಚಾಚಿ, ಕೊನೆಗೆ ಬೆರಳು ಕೆಳಕ್ಕೆ ಮಾಡಿ ಇಳಿಯುತ್ತಾರೆ. ಬ್ರೇಕ್ ಹಾಗೇ ಉಳಿಯುತ್ತದೆ, ಅಕಿಲಿಸ್‌ಗೆ ಹೊಸ ಹೊರೆ ಸೇರುತ್ತದೆ.

ಶೂವಿನ ಹಿಮ್ಮಡಿಯ ಹೊರ ಅಂಚು ಸವೆದಿರುವುದನ್ನು ನೋಡಿ ಗಾಬರಿಯಾಗುವವರೂ ಇದ್ದಾರೆ. ಹಿಮ್ಮಡಿ ಊರುವವರ ಪಾದ ಹೊರ ಅಂಚಿನಿಂದ ಇಳಿದು ಒಳಕ್ಕೆ ಹೊರಳುವುದೇ ಸಹಜ. ಆ ಸವೆತ ಅಷ್ಟನ್ನೇ ಹೇಳುತ್ತದೆ. ಹಾಗೆಯೇ, ಪಾದ ಹೇಗೆ ಬೀಳುತ್ತದೆ ಎಂದು ನಮಗೆ ಅನಿಸುವುದಕ್ಕೂ ವಿಡಿಯೊದಲ್ಲಿ ಕಾಣುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಅದಕ್ಕೇ ವಿಡಿಯೊ ಬೇಕು ಅನ್ನುವುದು.

ಓವರ್‌ಸ್ಟ್ರೈಡಿಂಗ್ ಇದ್ದರೆ ಸರಿಪಡಿಸಲು ಪಾದದ ಕಡೆ ಗಮನ ಕೊಡುವುದು ಒಳ್ಳೆಯ ದಾರಿಯಲ್ಲ. ಕೇಡೆನ್ಸ್ ಸ್ವಲ್ಪ ಏರಿಸುವುದು ಸುಲಭದ ದಾರಿ. ವೇಗ ಅಷ್ಟೇ ಇದ್ದು ಹೆಜ್ಜೆಗಳ ಸಂಖ್ಯೆ ಹೆಚ್ಚಿದರೆ ಹೆಜ್ಜೆ ತಾನಾಗಿ ಗಿಡ್ಡವಾಗುತ್ತದೆ, ಪಾದ ದೇಹದ ಹತ್ತಿರ ಬೀಳುತ್ತದೆ. 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 45 ಮಂದಿ ಹವ್ಯಾಸಿ ಓಟಗಾರರನ್ನು ಪರೀಕ್ಷಿಸಿದರು. ಅವರವರ ಸಹಜ ಕೇಡೆನ್ಸ್‌ಗಿಂತ ಬರೀ 5% ಹೆಚ್ಚಿಸಿದಾಗ ಮಂಡಿ ಹೀರಿಕೊಳ್ಳಬೇಕಾದ ಶಕ್ತಿ ಸುಮಾರು 20% ಇಳಿಯಿತು. 10% ಹೆಚ್ಚಿಸಿದಾಗ ಸೊಂಟದ ಕೀಲಿನ ಮೇಲಿನ ಹೊರೆಯೂ ಇಳಿಯಿತು. ಪಾದದ ಬಗ್ಗೆ ಒಂದು ಮಾತನ್ನೂ ಹೇಳದೆ ಸಿಕ್ಕ ಲಾಭ ಇದು. ನನ್ನ ಕೆಲಸದಲ್ಲಿ ಇಷ್ಟು ಸರಳವಾದ, ಇಷ್ಟು ಉಪಯೋಗವಾಗುವ ಬದಲಾವಣೆ ಇನ್ನೊಂದಿಲ್ಲ.

ಆದರೆ 180ರ ಹಿಂದೆ ಬೀಳಬೇಡಿ. ಆ ಅಂಕಿ ಬಂದದ್ದು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಿಂದ. ಅಮೆರಿಕದ ಕೋಚ್ ಜ್ಯಾಕ್ ಡೇನಿಯಲ್ಸ್ ದೂರದ ಓಟಗಾರರ ಹೆಜ್ಜೆ ಎಣಿಸಿದಾಗ ಬಹುತೇಕ ಎಲ್ಲರದ್ದೂ ನಿಮಿಷಕ್ಕೆ 180 ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಅವರು ಒಲಿಂಪಿಕ್ ಪಂದ್ಯದ ವೇಗದಲ್ಲಿ ಓಡುತ್ತಿದ್ದರು, ಕಿಲೋಮೀಟರಿಗೆ ಮೂರು ನಿಮಿಷದ ಆಸುಪಾಸು. ವೇಗ ಏರಿದರೆ ಕೇಡೆನ್ಸ್ ಏರುವುದು ಸಹಜ. ಅದೇ ಓಟಗಾರರು ಬೆಳಗಿನ ನಿಧಾನ ಓಟದಲ್ಲಿ ಅಷ್ಟು ಹೆಜ್ಜೆ ಹಾಕುವುದಿಲ್ಲ. 2016ರ 100 ಕಿಲೋಮೀಟರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮುಂಚೂಣಿಯ ಓಟಗಾರರ ಕೇಡೆನ್ಸ್ ನೋಡಿದರೆ ಸರಾಸರಿ 182 ಇತ್ತು. ಆದರೆ ಒಬ್ಬರದ್ದು 155, ಇನ್ನೊಬ್ಬರದ್ದು 203. ಎಲ್ಲರೂ ಪ್ರಪಂಚದ ಅತ್ಯುತ್ತಮರೇ. ಎತ್ತರ, ಕಾಲಿನ ಉದ್ದ, ವೇಗಕ್ಕೆ ತಕ್ಕಂತೆ ಒಬ್ಬೊಬ್ಬರದ್ದು ಒಂದೊಂದು.

ನಿಮ್ಮ 158ಕ್ಕೆ 5% ಸೇರಿಸಿದರೆ 166 ಆಗುತ್ತದೆ. ನಿಮ್ಮ ವೇಗದಲ್ಲಿ ಈಗ ಒಂದು ಹೆಜ್ಜೆ ಸುಮಾರು 90 ಸೆಂಟಿಮೀಟರ್. 166ರಲ್ಲಿ ಅದು 86 ಆಗುತ್ತದೆ. ಬದಲಾವಣೆ ಅಂದರೆ ನಾಲ್ಕು ಸೆಂಟಿಮೀಟರ್, ನಾಲ್ಕು ಬೆರಳಿನ ಅಗಲದಷ್ಟೂ ಇಲ್ಲ. ಹೊರಗಿನವರಿಗೆ ಕಾಣಿಸುವುದೂ ಇಲ್ಲ. ಫೋನಿನಲ್ಲಿ ಒಂದೇ ಸಮ ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು 166ರ ತಾಳಕ್ಕೆ ಒಂದು ನಿಮಿಷ ಓಡಿ, ಆಮೇಲೆ ಎರಡು ಮೂರು ನಿಮಿಷ ಮರೆತು ಓಡಿ, ಮತ್ತೆ ಒಂದು ನಿಮಿಷ. ಶುರುವಿನಲ್ಲಿ ವಾರಕ್ಕೆ ಎರಡು ಓಟದಲ್ಲಿ ಹೀಗೆ ಮಾಡಿದರೆ ಸಾಕು. ಇಲ್ಲಿ ಎಲ್ಲರೂ ಮಾಡುವ ಎಡವಟ್ಟೆಂದರೆ ಹೆಜ್ಜೆ ಹೆಚ್ಚಿಸಲು ಹೋಗಿ ವೇಗವನ್ನೂ ಹೆಚ್ಚಿಸಿಬಿಡುವುದು. ಆಗ ಹೆಜ್ಜೆ ಗಿಡ್ಡವಾಗುವುದೇ ಇಲ್ಲ. ಟ್ರೆಡ್‌ಮಿಲ್ ಇದ್ದರೆ ವೇಗ ಕಟ್ಟಿಹಾಕಿಕೊಂಡು ಕಲಿಯುವುದು ಸುಲಭ. ಆರಂಭದಲ್ಲಿ ಉಸಿರು ಸ್ವಲ್ಪ ಜಾಸ್ತಿ ಬರುತ್ತದೆ, ಅದು ನಿಜ. ನಾವು ನಮಗೇ ಗೊತ್ತಿಲ್ಲದೆ ಆರಿಸಿಕೊಳ್ಳುವ ಹೆಜ್ಜೆಯ ಉದ್ದ, ಶಕ್ತಿ ಕಡಿಮೆ ಖರ್ಚಾಗುವ ಉದ್ದಕ್ಕೆ ತುಂಬಾ ಹತ್ತಿರವಿರುತ್ತದೆ ಎಂದು 1982ರಲ್ಲೇ ಕ್ಯಾವನಾ ಮತ್ತು ವಿಲಿಯಮ್ಸ್ ಎಂಬ ಸಂಶೋಧಕರು ತೋರಿಸಿದ್ದರು. ಅದಕ್ಕೇ ವಿಡಿಯೊದಲ್ಲಿ ಓವರ್‌ಸ್ಟ್ರೈಡಿಂಗ್ ಕಾಣದಿದ್ದರೆ, ಮಂಡಿ ನೋವೂ ಇಲ್ಲದಿದ್ದರೆ, ಇದನ್ನೂ ಮಾಡಬೇಡಿ.

ಸದ್ದಿನ ಕಡೆ ಕಿವಿ ಕೊಡುವುದು ಇನ್ನೊಂದು ದಾರಿ. ಪಾದ ಧಪ್ ಧಪ್ ಎಂದು ಬೀಳುತ್ತಿದ್ದರೆ ‘ಸದ್ದು ಕಡಿಮೆ ಮಾಡಿ’ ಎಂದಷ್ಟೇ ಹೇಳಿದರೂ ಹಲವರ ಓಟ ತಾನಾಗಿ ಮೆತ್ತಗಾಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 320 ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವಾರ ಟ್ರೆಡ್‌ಮಿಲ್ ಮೇಲೆ ತಮ್ಮ ಹೊಡೆತವನ್ನು ಪರದೆಯಲ್ಲಿ ನೋಡುತ್ತಾ ಮೆತ್ತಗೆ ಇಳಿಯುವುದನ್ನು ಕಲಿಸಿದರು. ಒಂದು ವರ್ಷದಲ್ಲಿ ಆ ಗುಂಪಿನಲ್ಲಿ ಗಾಯಗಳು 62% ಕಡಿಮೆ. ಆದರೆ ಅವರಿಗಾದ ಗಾಯಗಳಲ್ಲಿ ಅಕಿಲಿಸ್ ಮತ್ತು ಮೀನಖಂಡದ್ದು ಇನ್ನೊಂದು ಗುಂಪಿಗಿಂತ ಜಾಸ್ತಿ ಇತ್ತು. ಮೆತ್ತಗೆ ಇಳಿಯುವುದಕ್ಕೂ ಮೀನಖಂಡ ಬೆಲೆ ಕೊಡುತ್ತದೆ. ನಿಮ್ಮ ಅಕಿಲಿಸ್ ಪೂರ್ತಿ ಶಾಂತವಾಗುವವರೆಗೆ ಈ ಪ್ರಯೋಗವೂ ಬೇಡ.

ಕೈ, ಭುಜ, ಬೆನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೊಂಟದಲ್ಲಿ ಬಾಗದೆ, ಪಾದದ ಗಂಟಿನಿಂದಲೇ ಇಡೀ ಮೈ ತುಸು ಮುಂದಕ್ಕೆ ವಾಲಿದ್ದರೆ ಸಾಕು. ಕೈ ಸಡಿಲ ಇರಲಿ. ಅಂದಚೆಂದದ ಓಟವೇ ಒಳ್ಳೆಯ ಓಟ ಎಂದೇನಿಲ್ಲ. ಜೆಕೊಸ್ಲೊವಾಕಿಯಾದ ಓಟಗಾರ ಎಮಿಲ್ ಜಾಟೊಪೆಕ್ ಓಡುವಾಗ ತಲೆ ಅಲುಗುತ್ತಿತ್ತು, ಮುಖ ಕಿವುಚಿಕೊಳ್ಳುತ್ತಿತ್ತು, ಭುಜ ಏಳುತ್ತಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದದ್ದು ಅವರೇ.

ಒಂದು ಅಧ್ಯಯನವನ್ನು ನಾನು ಮುಚ್ಚಿಡಬಾರದು. ನಿಮ್ಮ ಗೆಳತಿಯ ಮಾತಿಗೆ ಅದರಲ್ಲಿ ಆಧಾರವಿದೆ. 2012ರಲ್ಲಿ ಹಾರ್ವರ್ಡ್‌ನ ಕಾಲೇಜು ತಂಡದ 52 ಓಟಗಾರರ ದಾಖಲೆ ನೋಡಿದಾಗ ಹಿಮ್ಮಡಿ ಊರುವವರಿಗೆ ಪದೇ ಪದೇ ಒತ್ತಡದಿಂದ ಬರುವ ಗಾಯಗಳು ಸುಮಾರು ಎರಡು ಪಟ್ಟು ಇದ್ದವು. ಅದು ಒಂದೇ ತಂಡ, ಚಿಕ್ಕ ವಯಸ್ಸಿನವರು, ನಿಮಗಿಂತ ಎಷ್ಟೋ ವೇಗದಲ್ಲಿ, ಎಷ್ಟೋ ದೂರ ಓಡುವವರು. ಆಮೇಲೆ ಸೈನಿಕರ ಮೇಲೆ ನಡೆದ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಸಹಜವಾಗಿ ಒಂದು ರೀತಿ ಓಡುವವರಿಗೆ ಗಾಯ ಕಡಿಮೆ ಎಂದ ಮಾತ್ರಕ್ಕೆ, ಬೇರೆಯವರು ಬಲವಂತವಾಗಿ ಹಾಗೆ ಓಡಿದರೂ ಗಾಯ ಕಡಿಮೆಯಾಗುತ್ತದೆ ಎಂದು ಹೇಳಲಾಗುವುದಿಲ್ಲ. ಕಡಿಮೆ ಶಕ್ತಿಯಲ್ಲಿ ಓಡಬಹುದು ಅನ್ನುವ ಮಾತೂ ನಿಂತಿಲ್ಲ. ಹಿಮ್ಮಡಿ ಓಟಗಾರರನ್ನು ಮುಂಪಾದದಲ್ಲಿ ಓಡಿಸಿ ಆಮ್ಲಜನಕ ಅಳೆದಾಗ ಖರ್ಚು ಇಳಿಯಲಿಲ್ಲ, ಏರಿತು.

ಹಾಗಾಗಿ ಪಾದ ಇಡುವ ರೀತಿಯನ್ನೇ ಬದಲಾಯಿಸಿ ಎಂದು ನಾನು ಹೇಳುವುದು ಕೆಲವರಿಗೆ ಮಾತ್ರ. ಮಂಡಿಚಿಪ್ಪಿನ ನೋವು ವ್ಯಾಯಾಮದಿಂದಲೂ ಕೇಡೆನ್ಸ್‌ನಿಂದಲೂ ಹೋಗದವರಿಗೆ. ಓಡುವಾಗ ಮೊಣಕಾಲಿನ ಕೆಳಗೆ ಮುಂಭಾಗದ ಸ್ನಾಯು ಬಿಗಿದು ಪಾದ ಮರಗಟ್ಟುವ ತೊಂದರೆ ಇರುವವರಿಗೆ. ಅದೂ ಫಿಸಿಯೋಥೆರಪಿಸ್ಟ್ ಕಣ್ಣೆದುರು, ತಿಂಗಳುಗಳ ಕಾಲ, ಮೊದಲ ದಿನ ಕೆಲವೇ ನಿಮಿಷಗಳಿಂದ ಶುರುಮಾಡಿ. ನೀವು ಆ ಪಟ್ಟಿಯಲ್ಲಿಲ್ಲ.

ಈಗ ನಿಮ್ಮ ಅಕಿಲಿಸ್. ಪೂರ್ತಿ ವಿಶ್ರಾಂತಿ ಬೇಕಾಗಿಲ್ಲ. ಟೆಂಡನ್‌ಗೆ ಹದವಾದ ಭಾರ ಬೇಕು, ಸುಮ್ನೆ ಕೂತರೆ ಅದು ಬಲಗೊಳ್ಳುವುದಿಲ್ಲ. ಮುಂದಿನ ಎರಡು ವಾರ ದೂರವನ್ನು ಅರ್ಧಕ್ಕೆ ಇಳಿಸಿ, ಸಮತಟ್ಟಾದ ನೆಲದಲ್ಲಿ, ನಿಧಾನಕ್ಕೆ, ನಿಮ್ಮ ಹಳೆಯ ರೀತಿಯಲ್ಲಿ ಓಡಿ. ದಿಣ್ಣೆ ಮತ್ತು ವೇಗದ ಓಟ ಸದ್ಯಕ್ಕೆ ಬೇಡ. ಓಡಿದ ಮಾರನೆಯ ಬೆಳಿಗ್ಗೆಯ ನೋವೇ ನಿಮ್ಮ ಅಳತೆಗೋಲು. ಹಿಂದಿನ ದಿನಕ್ಕಿಂತ ಜಾಸ್ತಿ ಇದ್ದರೆ ಓಟ ಜಾಸ್ತಿಯಾಯಿತು ಎಂದರ್ಥ, ಆ ದಿನ ಓಡಬೇಡಿ. ಅಷ್ಟೇ ಇದ್ದರೆ ಅಥವಾ ಇಳಿದಿದ್ದರೆ ಮುಂದುವರಿಸಬಹುದು.

ಜೊತೆಗೆ ಹಿಮ್ಮಡಿ ಎತ್ತುವ ವ್ಯಾಯಾಮ. ಗೋಡೆ ಹಿಡಿದು ಸಮತಟ್ಟಾದ ನೆಲದ ಮೇಲೆ ನಿಲ್ಲಿ. ಎರಡೂ ಕಾಲಿನ ಹಿಮ್ಮಡಿ ನಿಧಾನವಾಗಿ ಎತ್ತಿ, ಮೂರು ಎಣಿಸುತ್ತಾ ಇಳಿಸಿ. 15 ಸಲ, ಮೂರು ಸುತ್ತು. ನೋವು ಏರದಿದ್ದರೆ ಒಂದೆರಡು ವಾರದಲ್ಲಿ ಒಂಟಿ ಕಾಲಿಗೆ ಬನ್ನಿ. ಆಮೇಲೆ ಬೆನ್ನಿಗೆ ಚೀಲ ಹಾಕಿಕೊಂಡು ಭಾರ ಸೇರಿಸಿ. ಮಂಡಿ ನೆಟ್ಟಗಿಟ್ಟು ಒಂದು ಸುತ್ತು, ಸ್ವಲ್ಪ ಬಾಗಿಸಿ ಒಂದು ಸುತ್ತು ಮಾಡಿದರೆ ಮೀನಖಂಡದ ಒಳಗಿನ ಸ್ನಾಯುವಿಗೂ ಕೆಲಸ ಸಿಗುತ್ತದೆ. ಇದನ್ನು 12 ವಾರ ಬಿಡದೆ ಮಾಡಬೇಕು. ನೋವು ನಾಲ್ಕನೇ ವಾರಕ್ಕೇ ಹೋಗಬಹುದು, ಆಗ ಬಿಟ್ಟುಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಮೀನಖಂಡವನ್ನು ಜೋರಾಗಿ ಹಿಗ್ಗಿಸುವ ಸ್ಟ್ರೆಚಿಂಗ್ ಈಗ ಬೇಡ. ನೋವು ಟೆಂಡನ್ ಹಿಮ್ಮಡಿಯ ಮೂಳೆಗೆ ಸೇರುವ ಜಾಗದಲ್ಲೇ ಇದ್ದರೆ ಅದು ಇನ್ನೂ ಕೆರಳುತ್ತದೆ.

ಕೆಲವು ಲಕ್ಷಣ ಕಂಡರೆ ಕಾಯಬೇಡಿ. ಹಿಂದಿನಿಂದ ಯಾರೋ ಒದ್ದಂತಾಗಿ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅಕಿಲಿಸ್ ಹರಿದಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಪಾದದ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ಮೂಳೆ ನೋವಿದ್ದು, ಓಡಿದಂತೆ ಏರುತ್ತಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕಿರಬಹುದು. ಓಟ ನಿಲ್ಲಿಸಿ ವೈದ್ಯರನ್ನು ನೋಡಿ. ಒಂದೇ ಕಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇರುತ್ತದೆ. ಅದನ್ನೂ ಅವತ್ತೇ ತೋರಿಸಿ.

ಕೊನೆಗೆ ಶೂ. ಮುಂಪಾದದ ಓಟಕ್ಕೆಂದು ತೆಳ್ಳನೆಯ, ಹಿಮ್ಮಡಿ ಎತ್ತರವಿಲ್ಲದ ಶೂ ಕೊಂಡಿದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ. ಹಿಮ್ಮಡಿ ಭಾಗ ಬೆರಳಿನ ಭಾಗಕ್ಕಿಂತ 8–12 ಮಿಲಿಮೀಟರ್ ಎತ್ತರವಿರುವ ಶೂ ಅಕಿಲಿಸ್ ಮೇಲಿನ ಎಳೆತವನ್ನು ಸ್ವಲ್ಪ ಇಳಿಸುತ್ತದೆ. ಮೂರು ವರ್ಷ ನೀವು ಓಡಿದ ಶೂ ಬಹುಶಃ ಆ ಬಗೆಯದೇ ಆಗಿರುತ್ತದೆ. ಅದೇ ಮಾದರಿಯನ್ನೇ ಮತ್ತೆ ತೆಗೆದುಕೊಳ್ಳಿ. ಬೆಳಿಗ್ಗೆಯ ನೋವು ಪೂರ್ತಿ ಹೋಗಿ ಎರಡು ವಾರ ಕಳೆದ ಮೇಲೆ ಆ ವಿಡಿಯೊ ಮಾಡಿಸಿ. ಮಂಡಿಯಿಂದ ಪಾದದ ಗಂಟಿನ ಗೆರೆ ಮುಂದಕ್ಕೆ ಚಾಚಿದ್ದರೆ ಮಾತ್ರ 166ರ ತಾಳಕ್ಕೆ ಕೈ ಹಾಕಿ. ನೆಟ್ಟಗಿದ್ದರೆ ಮುಂದಿನ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಡಿ.